ಮೂಲಪುರುಷ ಎಲ್ಲಿಯವನು? ಮನೆತನದ ಹಳೆಯ ಜಾಡು ಹಿಡಿಯುವ ಬಗೆ

ನಮ್ಮ ಮುತ್ತಜ್ಜನ ಅಜ್ಜ ಮರಾಠರ ದಂಡಿನ ಜೊತೆ ಬಂದವನಂತೆ. ನಮ್ಮವರು ಮೂಲದಲ್ಲಿ ತೆಲುಗು ಸೀಮೆಯವರಂತೆ. ನಮ್ಮ ಮನೆತನದ ಮೊದಲ ಹೆಂಗಸು ಗೋವೆಯಿಂದ ಮಗುವನ್ನು ಎತ್ತಿಕೊಂಡು ಘಟ್ಟ ಹತ್ತಿದವಳಂತೆ. ಕನ್ನಡನಾಡಿನ ಬಹಳ ಮನೆಗಳಲ್ಲಿ ಇಂಥದೊಂದು ಮಾತು ಇದೆ. ಹೇಳಿದ್ದು ಅಜ್ಜಿಯೋ ದೊಡ್ಡಪ್ಪನೋ. ಅವರಿಗೆ ಯಾರು ಹೇಳಿದರೆಂದು ಅವರಿಗೂ ನೆನಪಿಲ್ಲ. ಮನೆಯಲ್ಲಿ ಈಗ ಆಡುವುದು ಕನ್ನಡ, ಊಟ ಉಡುಗೆ ಹಬ್ಬ ಎಲ್ಲ ಇಲ್ಲಿನದೇ. ಹಾಗಾದರೆ ಆ ಮಾತಿನಲ್ಲಿ ನಿಜವೆಷ್ಟು?

ಇದನ್ನು ಪತ್ತೆ ಹಚ್ಚಬಹುದು. ಬುಡದವರೆಗೂ ಆಗದಿದ್ದರೂ ಸಾಕಷ್ಟು ದೂರ ಹೋಗಬಹುದು. ಆದರೆ ಹೆಚ್ಚಿನವರು ಹೊರಟ ದಿನವೇ ತುದಿಗೆ ಕೈ ಹಾಕುತ್ತಾರೆ. ಕೊಳವೆಯಲ್ಲಿ ಉಗುಳು ತುಂಬಿ ಡಿಎನ್‌ಎ ಕಂಪನಿಗೆ ಕಳಿಸುತ್ತಾರೆ, ಇಲ್ಲವೇ ಅಡ್ಡಹೆಸರನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ ಅದೇ ಹೆಸರಿನ ಯಾವುದೋ ಅರಸುಮನೆತನದ ಜೊತೆ ನಂಟು ಕಟ್ಟಿಕೊಳ್ಳುತ್ತಾರೆ. ನಾನು ಹೇಳುವುದಿಷ್ಟು: ಮೊದಲು ಒಬ್ಬ ಮನುಷ್ಯನನ್ನು ಹುಡುಕಿ. ಅವನ ಊರು, ಕಾಲ, ನೆಂಟರು ಗೊತ್ತಾದರೆ ಕುಲದ ಪ್ರಶ್ನೆಗೆ ಉತ್ತರ ತಾನಾಗಿ ಹತ್ತಿರ ಬರುತ್ತದೆ. ಆ ಮನುಷ್ಯ ಸಿಗದೆ ಕುಲವನ್ನು ಮಾತ್ರ ಹುಡುಕಿದರೆ ನಮಗೆ ಬೇಕಾದ ಉತ್ತರವೇ ಸಿಗುತ್ತದೆ, ಅದು ನಿಜವಿರಲಿ ಇಲ್ಲದಿರಲಿ.

ಪ್ರಶ್ನೆಯನ್ನು ಒಡೆದುಕೊಳ್ಳಿ

"ಅವನು ಯಾವ ಜನ?" ಎಂಬುದು ಒಂದು ಪ್ರಶ್ನೆಯಂತೆ ಕಂಡರೂ ಒಳಗೆ ನಾಲ್ಕೈದಿವೆ. ಮನೆಯಲ್ಲಿ ಯಾವ ಮಾತು ಆಡುತ್ತಿದ್ದ? ಕೊನೆಯದಾಗಿ ಯಾವ ಊರು ಬಿಟ್ಟು ಬಂದ? ಹೆಣ್ಣು ತಂದದ್ದು, ಕೊಟ್ಟದ್ದು ಯಾರಿಗೆ? ಯಾವ ದೇವರಿಗೆ ನಡೆದುಕೊಳ್ಳುತ್ತಿದ್ದ? ಅಕ್ಕಪಕ್ಕದವರು, ಸರಕಾರದ ಕಾಗದಗಳು ಅವನನ್ನು ಯಾರೆಂದು ಕರೆದವು? ಒಬ್ಬನೇ ಮನುಷ್ಯನ ವಿಷಯದಲ್ಲಿ ಈ ಐದಕ್ಕೂ ಬೇರೆ ಬೇರೆ ಉತ್ತರ ಬರಬಹುದು, ಬಂದರೆ ಗಾಬರಿಯಾಗಬೇಕಿಲ್ಲ.

ಮರಾಠರ ದಂಡಿನ ಮಾತನ್ನೇ ತೆಗೆದುಕೊಳ್ಳಿ. 17ನೆಯ ಶತಮಾನದಲ್ಲಿ ಶಹಾಜಿ ಬೆಂಗಳೂರಿನಲ್ಲಿ ನೆಲೆನಿಂತ ಮೇಲೆ ಕೋಲಾರ, ಬೆಂಗಳೂರು, ಶಿರಾ ಸೀಮೆಗಳಿಗೆ ಮರಾಠಿ ಮಾತಿನ ಕುಟುಂಬಗಳು ಬಂದದ್ದು ನಿಜ. ಆದರೆ ದಂಡು ಎಂದರೆ ಕುದುರೆ ಸವಾರರಷ್ಟೇ ಅಲ್ಲ. ಎತ್ತಿನ ಮೇಲೆ ಧಾನ್ಯ ಸಾಗಿಸುವ ಲಂಬಾಣಿಗಳು, ಲೆಕ್ಕ ಬರೆಯುವವರು, ಚರ್ಮದ ಕೆಲಸದವರು, ದಾರಿಯಲ್ಲಿ ಸೇರಿಕೊಂಡ ಬೇಡರು, ವಿಜಾಪುರ ಸೀಮೆಯ ಕನ್ನಡಿಗರು ಎಲ್ಲರೂ ಅದರಲ್ಲಿದ್ದರು. "ದಂಡಿನ ಜೊತೆ ಬಂದ" ಎಂಬುದು ನಿಜವೇ ಆದರೂ "ಅವನು ಮರಾಠ" ಎಂಬುದು ಅದರಿಂದ ಸಿದ್ಧವಾಗುವುದಿಲ್ಲ.

ಮನೆಯೊಳಗಿನ ಕೆಲಸ

ಮೊದಲ ಹಂತಕ್ಕೆ ಒಂದು ನೋಟ್‌ಬುಕ್ಕು, ಫೋನಿನ ರೆಕಾರ್ಡರ್ ಸಾಕು. ಎಂಬತ್ತು ದಾಟಿದವರು ಯಾರಾದರೂ ಇದ್ದರೆ ಈ ವಾರವೇ ಹೋಗಿ. ಕಚೇರಿಯ ಕಾಗದ ಮುಂದಿನ ವರ್ಷವೂ ಇರುತ್ತದೆ.

"ನಮ್ಮ ಮೂಲ ಯಾವುದು ಅಜ್ಜಿ?" ಎಂದು ನೇರ ಕೇಳಿದರೆ ಎಲ್ಲರಿಗೂ ಹೇಳುವ ಸಿದ್ಧ ಕಥೆಯೇ ಬರುತ್ತದೆ. ಬೇರೆ ಬಗೆಯಲ್ಲಿ ಕೇಳಬೇಕು. ನಿಮ್ಮ ಅತ್ತೆಯ ತವರು ಯಾವುದು? ಅವರ ತಾಯಿಯ ತವರು? ನೀವು ಚಿಕ್ಕವರಿದ್ದಾಗ ಮದುವೆಗೆ ಯಾವ ಯಾವ ಊರಿನಿಂದ ಗಾಡಿ ಬರುತ್ತಿತ್ತು? ಸೂತಕದ ಸುದ್ದಿಯನ್ನು ಯಾವ ಊರುಗಳಿಗೆ ಹೇಳಿ ಕಳಿಸುತ್ತಿದ್ದರು? ಮುಡಿ ಕೊಡಲು ಎಲ್ಲಿಗೆ ಹೋಗುತ್ತಿದ್ದಿರಿ? ಹಸೆಗೆ ಕೂರಿಸಿದಾಗ ಯಾವ ಹಾಡು? ಸೂತಕ ಯಾರು ಯಾರಿಗೆ ತಾಕುತ್ತಿತ್ತು ಎಂಬುದು ಬಹಳ ಬೆಲೆಯುಳ್ಳ ಪ್ರಶ್ನೆ. ಹತ್ತು ಮೈಲಿ ದೂರದ, ಈಗ ಹೋಗುಬರುವಿಲ್ಲದ ಮನೆಗೂ ಸೂತಕವಿತ್ತೆಂದರೆ ಅವರು ಒಡೆದುಹೋದ ದಾಯಾದಿಗಳು. ಮನೆಯ ಕಾಗದ ನಿಮ್ಮಲ್ಲಿಲ್ಲದಿದ್ದರೆ ಅವರಲ್ಲಿರಬಹುದು.

ಹೆಂಗಸರ ತವರಿನ ಪಟ್ಟಿಯನ್ನು ತಲೆಮಾರುವಾರು ಬರೆದುಕೊಳ್ಳಿ. ವಂಶವೃಕ್ಷ ಬರೆಯುವವರು ಗಂಡು ಹೆಸರುಗಳನ್ನು ಒಂದರ ಕೆಳಗೊಂದು ಜೋಡಿಸಿ, ಹೆಂಡತಿಯರ ಜಾಗದಲ್ಲಿ ಬರೀ ಹೆಸರೋ ಖಾಲಿ ಗೆರೆಯೋ ಬಿಡುತ್ತಾರೆ. ಮೂಲ ಗೊತ್ತಿಲ್ಲದ ಪೂರ್ವಜನ ವಿಷಯದಲ್ಲಿ ಇದು ದೊಡ್ಡ ನಷ್ಟ. ಹೊಸದಾಗಿ ಬಂದು ನೆಲೆಸಿದವನಿಗೆ ಹೆಣ್ಣು ಕೊಟ್ಟವರು ಯಾರು ಎಂಬುದೇ ಅವನನ್ನು ಜನ ಯಾರೆಂದು ಬಗೆದರು ಎಂಬುದಕ್ಕೆ ಗಟ್ಟಿ ಸಾಕ್ಷಿ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಂತೂ ಬಳಿ (ಬರಿ) ಎಂಬ ಕುಲ ಸಾಗುವುದೇ ತಾಯಿಯ ಕಡೆಯಿಂದ. ಅಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಎಂದು ಏರುತ್ತ ಹೋದರೆ ಪ್ರತಿ ಮೆಟ್ಟಿಲಿಗೂ ಬೇರೆ ಕುಟುಂಬದೊಳಗೆ ಕಾಲಿಟ್ಟಂತೆ.

ಶ್ರಾದ್ಧ ಮಾಡುವ ಮನೆಗಳಾದರೆ ತರ್ಪಣದಲ್ಲಿ ಹೇಳುವ ಹೆಸರುಗಳನ್ನು ಬರೆದುಕೊಳ್ಳಿ: ತಂದೆ, ಅಜ್ಜ, ಮುತ್ತಜ್ಜ, ಹಾಗೆಯೇ ತಾಯಿಯ ಕಡೆಯ ಮೂವರು. ಅಜ್ಜ ಬರೆದಿಟ್ಟ ತರ್ಪಣದ ಚೀಟಿ ಸಿಕ್ಕರೆ ಅಲ್ಲಿಂದ ಇನ್ನೂ ಎರಡು ತಲೆಮಾರು ಮೇಲೇರಬಹುದು.

ಇನ್ನು ಅಟ್ಟ. ಹಳೆಯ ತಾಮ್ರ, ಹಿತ್ತಾಳೆ ಪಾತ್ರೆಗಳ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುವ ರೂಢಿ ಇತ್ತು. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ಇಸವಿ ಅಥವಾ ಸಂವತ್ಸರ ಕಾಣುತ್ತದೆ. ಅಕ್ಷರ ಕನ್ನಡವೇ, ಮೋಡಿಯೇ (ಮರಾಠಿ ಬರೆಯುತ್ತಿದ್ದ ಹಳೆಯ ಕೂಡುಬರಹ), ತೆಲುಗೇ ಎಂಬುದನ್ನೂ ಗುರುತು ಹಾಕಿಕೊಳ್ಳಿ, ಫೋಟೊ ತೆಗೆಯಿರಿ. ಹಾಗೆಯೇ ಹಳೆಯ ಲಗ್ನಪತ್ರಿಕೆ, ಜಾತಕದ ಸುರುಳಿ, ಕಡತ. ಬಟ್ಟೆಗೆ ಇದ್ದಿಲು, ಅಂಟು ಬಳಿದು ಕಪ್ಪು ಮಾಡಿ ಬಳಪದಲ್ಲಿ ಬರೆದ ಮಡಿಕೆ ಪುಸ್ತಕವೇ ಕಡತ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ, ಬರವಣಿಗೆ ಅಳಿಸಿಹೋಗುತ್ತದೆ.

ಕಥೆಯನ್ನು ತೂಗಿ ನೋಡುವುದು

ಮನೆಯ ಕಥೆಯನ್ನು ಪೂರಾ ನಂಬುವವರೂ ತಪ್ಪುತ್ತಾರೆ, ಕಟ್ಟುಕಥೆ ಎಂದು ಎಸೆಯುವವರೂ ತಪ್ಪುತ್ತಾರೆ. ಅದನ್ನು ತುಂಡು ತುಂಡಾಗಿ ಬಿಡಿಸಿ, ಒಂದೊಂದು ತುಂಡಿಗೂ "ಇದು ನಮ್ಮ ಮನೆಗೆ ಮಾತ್ರ ಸೇರಿದ್ದೋ, ಎಲ್ಲರ ಮನೆಯಲ್ಲೂ ಇರುವುದೋ?" ಎಂದು ಕೇಳಿ.

"ಅಹಿಚ್ಛತ್ರದಿಂದ ಮಯೂರವರ್ಮ ಕರೆತಂದ" ಎಂಬುದು ಕರಾವಳಿ, ಮಲೆನಾಡಿನ ಹಲವು ಬ್ರಾಹ್ಮಣ ಸಮುದಾಯಗಳು ಹೇಳುವ ಕಥೆ. ಅದು ಸಮುದಾಯ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು, ನಿಮ್ಮ ಮುತ್ತಜ್ಜನ ಬಗ್ಗೆ ಅದರಿಂದ ಏನೂ ತಿಳಿಯದು. "ಏಳು ಜನ ಅಣ್ಣತಮ್ಮಂದಿರು ಬಂದರು, ಒಬ್ಬೊಬ್ಬ ಒಂದೊಂದು ಊರಲ್ಲಿ ನಿಂತ" ಎಂಬುದೂ ಊರೂರಲ್ಲಿ ಕೇಳಿಬರುತ್ತದೆ. ಅದೇ, "ಮೊದಲು ಬಂದವನು ಇಂಥ ಕೆರೆಯ ಕೆಳಗೆ ಇಂಥವರ ಗದ್ದೆಯನ್ನು ವಾರಕ್ಕೆ (ಬೆಳೆಯ ಪಾಲಿಗೆ) ಮಾಡಿದ" ಎಂಬಂಥ ಸಣ್ಣ, ಹೆಮ್ಮೆಯೇನೂ ಇಲ್ಲದ ವಿವರವಿದೆಯಲ್ಲ, ಅದನ್ನು ಜೋಪಾನ ಮಾಡಿ. ದೊಡ್ಡಸ್ತಿಕೆಗಾಗಿ ಯಾರೂ ಅಂಥದ್ದನ್ನು ಹುಟ್ಟಿಸಿ ಹೇಳುವುದಿಲ್ಲ.

ಕಾಲ ಹಿಡಿಯಲು ಕಥೆಯೊಳಗಿನ ಬರ, ರೋಗ, ಯುದ್ಧಗಳು ನೆರವಾಗುತ್ತವೆ. ಹಳೆಯ ಮೈಸೂರು, ಬಳ್ಳಾರಿ, ಧಾರವಾಡ ಸೀಮೆಗಳಲ್ಲಿ "ಧಾತು ಈಶ್ವರ ಬರದಲ್ಲಿ ಊರು ಬಿಟ್ಟರು" ಎಂದರೆ ಅದು 1876ರಿಂದ 1878ರ ದೊಡ್ಡ ಕ್ಷಾಮ. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳಿಂದ ಬಂದ ಹೆಸರು. ಪ್ಲೇಗಿನಲ್ಲಿ ಊರು ಬಿಟ್ಟದ್ದಾದರೆ 1896ರ ಈಚೆಗೆ. ಟಿಪ್ಪುವಿನ ಕಾಲಕ್ಕೆ ಎಂದರೆ 1782ರಿಂದ 1799. ಪೇಶ್ವೆಗಳ ಆಳ್ವಿಕೆ ಮುಗಿದದ್ದು 1818. ಒಂದು ತಲೆಮಾರಿಗೆ 25ರಿಂದ 30 ವರ್ಷ ಎಂದು ಹಿಡಿದು ವಂಶವೃಕ್ಷದ ಜೊತೆ ತಾಳೆ ನೋಡಿ. 1960ರಲ್ಲಿ ಹುಟ್ಟಿದವರ ಮುತ್ತಜ್ಜ ಸುಮಾರು 1870-1885ರ ನಡುವೆ ಹುಟ್ಟಿದವರು. "ಮುತ್ತಜ್ಜನೇ ಶಿವಾಜಿಯ ಜೊತೆ ಬಂದ" ಎಂದರೆ ನಡುವೆ ಏಳೆಂಟು ತಲೆಮಾರು ಬಿಟ್ಟುಹೋಗಿದೆ ಎಂದರ್ಥ. ಬಂದದ್ದೇ ಸುಳ್ಳೆಂದು ಅದರಿಂದ ಹೇಳಲಾಗದು.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಕಾಗದದ ಮೇಲೆ "ಧಾತು ಸಂವತ್ಸರ" ಎಂದಷ್ಟೇ ಇದ್ದರೆ ಅದು 1816 ಆಗಬಹುದು, 1876 ಆಗಬಹುದು. ಶಕವರ್ಷ ಕೊಟ್ಟಿದ್ದರೆ 78 ಕೂಡಿ. ಕಂದಾಯದ ಲೆಕ್ಕದ ಫಸಲಿ ವರ್ಷ ಇದ್ದರೆ 590 ಕೂಡಿ. ಮರಾಠರ ಕಾಗದದಲ್ಲಿ ಬರುವ ಶುಹೂರ್ ಸನ್ನಿಗೆ 599 ಕೂಡಬೇಕು.

ಹೆಳವರು ಬಂದರೆ ಬಿಡಬೇಡಿ

ಕನ್ನಡನಾಡಿನವರಿಗೆ ಒಂದು ಭಾಗ್ಯವಿದೆ: ಮನೆತನಗಳ ವಂಶಾವಳಿ ಹೇಳುವ ಹೆಳವರು. ಲಿಂಗಾಯತ, ಒಕ್ಕಲಿಗ, ಕುರುಬ ಮೊದಲಾದ ಎಷ್ಟೋ ಸಮುದಾಯಗಳ ಮನೆಗಳಿಗೆ ಸುಗ್ಗಿ ಮುಗಿದ ಮೇಲೆ ಕೆಲವು ವರ್ಷಗಳಿಗೊಮ್ಮೆ ಅವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಬಸ್ಸಿನಲ್ಲೋ ಬೈಕಿನಲ್ಲೋ. ಬೆಳಗಿನ ಜಾವ ಬಾಗಿಲಲ್ಲಿ ನಿಂತು ಮನೆತನದ ಬೆಡಗು (ಕುಲದ ಒಳಪಂಗಡ), ಮನೆದೇವರು, ಮೂಲ ಊರು, ಅಲ್ಲಿಂದ ಯಾವ ಯಾವ ಊರಿಗೆ ಬಂದರು, ಯಾರ ಮಗ ಯಾರು ಎಂದು ಒಂದೇ ಉಸಿರಿಗೆ ಹಾಡಿದಂತೆ ಹೇಳುತ್ತಾರೆ. ಆಮೇಲೆ ಪುಸ್ತಕ ಬಿಚ್ಚಿ, ಹೋದ ಸಲದ ನಂತರ ಹುಟ್ಟಿದ ಮಕ್ಕಳ ಹೆಸರು ಸೇರಿಸಿ, ಜೋಳ, ಬಟ್ಟೆ, ದುಡ್ಡು ಪಡೆದು ಹೊರಡುತ್ತಾರೆ.

ಅವರು ಹೇಳುವಾಗ ಅಡ್ಡ ಬಾಯಿ ಹಾಕದೆ ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ, ಅಪ್ಪಣೆ ಕೇಳಿಯೇ. ತಡೆದರೆ ಸರಪಳಿ ಕಡಿಯುತ್ತದೆ, ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಆಮೇಲೆ ನಿಧಾನವಾಗಿ ಊರುಗಳ ಹೆಸರನ್ನು ಕೇಳಿ ಬರೆಯಿರಿ. ಅವರ ಪಾಠದಲ್ಲಿ ಮೇಲಿನ ಭಾಗ ಪುರಾಣ, ಶರಣರ ಕಥೆಗೆ ಸೇರಿರುತ್ತದೆ. ಕೆಳಗಿನ ಆರೇಳು ತಲೆಮಾರು, ಊರು ಬದಲಿಸಿದ ವಿವರ ನಮಗೆ ಬೇಕಾದದ್ದು. ಬೇರೆ ಊರಿನ ದಾಯಾದಿಗಳ ಮನೆಗೆ ಹೋಗುವ ಹೆಳವರು ಬೇರೆಯವರಾಗಿದ್ದರೆ ಎರಡೂ ಪಾಠಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಕಡೆ ಒಂದೇ ಮೂಲ ಊರು ಬಂದರೆ ಆ ಊರಿಗೆ ಹೋಗಿಬರುವುದು ವ್ಯರ್ಥವಾಗದು. ಕೊಡುವಾಗ ಕೈ ಬಿಗಿ ಹಿಡಿಯಬೇಡಿ. ತಲೆತಲಾಂತರದಿಂದ ನಿಮ್ಮ ಮನೆಯ ದಾಖಲೆ ಕಾಯ್ದವರು ಅವರು, ಮತ್ತು ಈ ವೃತ್ತಿಯಲ್ಲಿ ಉಳಿದಿರುವವರು ಕಡಿಮೆಯಾಗುತ್ತಿದ್ದಾರೆ.

ಉತ್ತರ ಕರ್ನಾಟಕದ ಕೆಲವು ಮನೆಗಳವರು ನಾಸಿಕ, ತ್ರ್ಯಂಬಕೇಶ್ವರ, ಕಾಶಿ, ಗಯೆಗಳಿಗೆ ಹೋಗಿದ್ದರೆ ಅಲ್ಲಿನ ತೀರ್ಥಪುರೋಹಿತರ ವಹಿಗಳಲ್ಲಿ ಹೆಸರು ಬರೆಸಿರಬಹುದು. ಅಲ್ಲಿ ಹುಡುಕುವುದು ಜಾತಿ, ಅಡ್ಡಹೆಸರು, ಮೂಲ ಊರು ಹೇಳಿ. ಈಗಿನ ಊರು ಹೇಳಿ ಸಿಗದಿದ್ದರೆ ಹಿಂದಿನ ಊರು ಹೇಳಿ ನೋಡಿ.

ಯಾವ ಸರಕಾರದ ಕಾಗದ?

ದಾಖಲೆ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದದ್ದು, "ಆ ಕಾಲಕ್ಕೆ ನಮ್ಮ ಊರು ಯಾರ ಕೈಲಿತ್ತು?" ಎಂದು. 1956ರ ನವೆಂಬರ್ 1ಕ್ಕೆ ಮುಂಚೆ ಈಗಿನ ಕರ್ನಾಟಕ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಕಾಗದಗಳೂ ಹಾಗೆಯೇ ಹಂಚಿಹೋಗಿವೆ.

ಧಾರವಾಡ, ಬೆಳಗಾವಿ, ವಿಜಾಪುರದವರು ಮುಂಬಯಿ ಪ್ರಾಂತದವರು. ಅವರ ಹಳೆಯ ಕಾಗದ ಮುಂಬಯಿ, ಪುಣೆಯ ಪತ್ರಾಗಾರಗಳಲ್ಲಿ. ಪುಣೆಯ ಪೇಶ್ವೆ ದಫ್ತರವೆಂದರೆ ಮೋಡಿ ಲಿಪಿಯ ಕಾಗದಗಳ ಸಮುದ್ರ. ಉತ್ತರ ಕನ್ನಡ 1862ರವರೆಗೆ ಮದ್ರಾಸಿಗೆ, ಆಮೇಲೆ ಮುಂಬಯಿಗೆ ಸೇರಿತ್ತು. ಅಲ್ಲಿಯವರು ಎರಡೂ ಕಡೆ ನೋಡಬೇಕು. ದಕ್ಷಿಣ ಕನ್ನಡ, ಕೊಳ್ಳೇಗಾಲ 1956ರವರೆಗೆ, ಬಳ್ಳಾರಿ 1953ರವರೆಗೆ ಮದ್ರಾಸಿನವು. ಬೀದರ್, ಕಲಬುರಗಿ, ರಾಯಚೂರು ನಿಜಾಮರದು. ಕಾಗದ ಪಾರ್ಸಿ, ಉರ್ದುವಿನಲ್ಲಿ, ಹೈದರಾಬಾದಿನ ಪತ್ರಾಗಾರದಲ್ಲಿ. ಕೊಡಗು 1834ರಿಂದ ಬೇರೆಯೇ ಆಡಳಿತ. ಹಳೆಯ ಮೈಸೂರಿನವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವೇ ಮೊದಲ ಬಾಗಿಲು.

ಮೋಡಿಯಲ್ಲಿ ಬರೆದ ಕಾಗದ ಮನೆಯಲ್ಲಿ ಸಿಕ್ಕಿತೆಂದು "ನಾವು ಮರಾಠಿಗರು" ಎಂದು ತೀರ್ಮಾನಿಸುವವರನ್ನು ಬಹಳ ನೋಡಿದ್ದೇನೆ. ಧಾರವಾಡ ಸೀಮೆಯಲ್ಲಿ ಬ್ರಿಟಿಷರ ಮೊದಲ ದಶಕಗಳಲ್ಲೂ ಕಚೇರಿಯ ಭಾಷೆ ಮರಾಠಿಯೇ. ಮೈಸೂರಿನ ಕಚೇರಿಗಳಲ್ಲೂ ಕನ್ನಡದ ಜೊತೆ ಮರಾಠಿ ಲೆಕ್ಕ ನಡೆಯುತ್ತಿತ್ತು. ಕಾಗದದ ಭಾಷೆ ಬರೆದ ಕಾರಕೂನನದು. ಕೆಳಗೆ ಹಾಕಿದ ರುಜು ಯಾವ ಲಿಪಿಯಲ್ಲಿದೆ, ಅಥವಾ ಹೆಬ್ಬೆಟ್ಟು, ನೇಗಿಲು, ತಕ್ಕಡಿಯ ಗುರುತು ಇದೆಯೇ ಎಂಬುದನ್ನು ನೋಡಿ. ಅದು ನಿಮ್ಮ ಪೂರ್ವಜನ ಸ್ವಂತ ಕೈ.

ತಾಲ್ಲೂಕಿನಲ್ಲಿ ಶುರು ಮಾಡುವ ಕ್ರಮ ಹೀಗಿರಲಿ. ಈಗಿನ ಪಹಣಿಯಿಂದ ಹಿಂದಕ್ಕೆ: ಮ್ಯುಟೇಶನ್, ಕೈಬರಹದ ಪಹಣಿ, ಅದಕ್ಕೂ ಹಿಂದಿನ ರೆಕಾರ್ಡ್ ಆಫ್ ರೈಟ್ಸ್, ಸರ್ವೆ ಕಾಲದ ಆಕಾರಬಂದು (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಅಳತೆಯ ನಕ್ಷೆ). ಮೈಸೂರಿನಲ್ಲಿ ಹೊಸ ಬಗೆಯ ಸರ್ವೆ 1863ರಲ್ಲಿ ಆರಂಭವಾಯಿತು. ಮುಂಬಯಿ ಪ್ರಾಂತದಲ್ಲಿ ಅದಕ್ಕೂ ಮೊದಲೇ. ಸರ್ವೆ ನಂಬರು ಗೊತ್ತಿದ್ದರೆ ರೆಕಾರ್ಡ್ ರೂಮಿನ ಸಿಬ್ಬಂದಿಯ ಅರ್ಧ ಕೆಲಸ ಮುಗಿದಂತೆ. ಉಪನೋಂದಣಿ ಕಚೇರಿಯಲ್ಲಿ ಹಳೆಯ ಕ್ರಯಪತ್ರ, ಭೋಗ್ಯಪತ್ರಗಳ ನಕಲು ಕೇಳಿ.

ಕ್ರಯಪತ್ರವನ್ನು ಓದುವುದಕ್ಕೂ ಒಂದು ಬಗೆಯಿದೆ. ಮೇಲೆ "ಇಂಥವನು ಬಿನ್ ಇಂಥವನು" ಎಂದಿರುತ್ತದೆ (ಬಿನ್ ಎಂದರೆ ಮಗ), ಹೆಂಗಸಾದರೆ "ಕೋಂ" (ಹೆಂಡತಿ), ಜೊತೆಗೆ ಜಾತಿ, ಕಸಬು, ವಾಸ. ಎಲ್ಲರೂ ಇದನ್ನು ನೋಡಿ ಕಾಗದ ಮಡಿಚುತ್ತಾರೆ. ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯನ್ನು ಓದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇನಾಂ (ಉಂಬಳಿ) ಭೂಮಿ. ಮೂವತ್ತು ವರ್ಷದ ಅಂತರದ ಎರಡು ಪತ್ರಗಳ ಚಕ್ಕುಬಂದಿಯನ್ನು ಹೋಲಿಸಿದರೆ ಒಂದು ಕಾಲದ ನೆರೆಯವನೇ ಅಣ್ಣತಮ್ಮ ಎಂದು, ಒಂದೇ ಹೊಲ ಪಾಲಾದದ್ದೆಂದು ಕಾಣುತ್ತದೆ. ಪತ್ರದ ಸಾಕ್ಷಿಗಳು ಯಾರು, ಯಾವ ಊರಿನವರು ಎಂಬುದನ್ನೂ ಬರೆದುಕೊಳ್ಳಿ. ಹೊಸಬನಾಗಿ ಬಂದವನ ಪತ್ರಕ್ಕೆ ದೂರದ ಊರಿನವನೊಬ್ಬ ಸಾಕ್ಷಿ ಹಾಕಿದ್ದರೆ ಅವನು ಹೆಚ್ಚಾಗಿ ನೆಂಟನೇ. ಎಷ್ಟೋ ಸಲ ಮೂಲ ಊರಿನ ಸುಳಿವು ಸಿಗುವುದು ಇಲ್ಲಿಯೇ.

ಪಾಲಿನ ದಾವೆಯ ತೀರ್ಪುಗಳೂ ನಿಧಿಯೇ. ಅಣ್ಣತಮ್ಮಂದಿರು ಕೋರ್ಟಿಗೆ ಹೋದಾಗ ವಂಶವೃಕ್ಷವನ್ನು ಪ್ರಮಾಣ ಮಾಡಿ ಸಲ್ಲಿಸಬೇಕಿತ್ತು, ಎದುರು ಪಕ್ಷ ಅದನ್ನು ಕೆದಕುತ್ತಿತ್ತು. ದತ್ತು ಬಂದವರು, ಎರಡನೆಯ ಹೆಂಡತಿಯ ಮಕ್ಕಳು, ಮನೆಯವರು ಬಾಯಿಬಿಡದ ಸಂಬಂಧಗಳು ಅಲ್ಲಿ ಹೊರಬೀಳುತ್ತವೆ. ಶಾನುಭೋಗ, ಪಟೇಲ, ದೇಸಾಯಿ, ಕುಲಕರ್ಣಿ ಮನೆತನಗಳಾದರೆ ಇನಾಂ, ವತನದ (ವಂಶಪಾರಂಪರ್ಯ ಹುದ್ದೆ, ಅದರ ಭೂಮಿ) ತನಿಖೆಯ ಕಾಗದ ಹುಡುಕಿ. ಮುಂಬಯಿ ಪ್ರಾಂತದಲ್ಲಿ 1852ರ ಕಾಯಿದೆಯಡಿ ಇನಾಂ ಕಮಿಷನ್ "ಈ ಭೂಮಿ ನಿಮಗೆ ಹೇಗೆ ಬಂತು?" ಎಂದು ಇನಾಂದಾರ ಮನೆತನಗಳನ್ನು ಕೇಳಿತು. ಉತ್ತರವಾಗಿ ಮನೆತನದವರೇ ತಮ್ಮ ಕಥೆ ಬರೆದುಕೊಟ್ಟರು. ಭೂಮಿ ಉಳಿಸಿಕೊಳ್ಳಲು ಬರೆದದ್ದು ಎಂಬುದನ್ನು ನೆನಪಿಟ್ಟು ಓದಬೇಕು.

ಭೂಮಿಯೇ ಇಲ್ಲದ ಮನೆಯವರಿಗೆ ಈ ದಾರಿ ಬೇಗ ಮುಚ್ಚುತ್ತದೆ, ಅದು ನೋವಿನ ಮಾತು. ಅವರು ಶಾಲೆಯ ಅಡ್ಮಿಷನ್ ರಿಜಿಸ್ಟರ್, ಮಿಷನ್ ದಾಖಲೆ, ಜೈಲು, ಪೊಲೀಸ್, ಪಲ್ಟಣದ ಪಟ್ಟಿಗಳನ್ನು ನೋಡಬೇಕು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು; ಅದರ ಕಾಗದಪತ್ರ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಇದೆ. ಕರಾವಳಿಯ ಕ್ಯಾಥೊಲಿಕರಿಗೆ 1784ರ ಸೆರೆ ದೊಡ್ಡ ಅಡ್ಡಗೋಡೆ. ಅವರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಗಳೂ ನೆಲಸಮವಾದವು, ಹಾಗಾಗಿ ಅದಕ್ಕೆ ಹಿಂದಿನ ಜ್ಞಾನಸ್ನಾನದ ಪುಸ್ತಕ ಸಿಗುವುದು ಅಪರೂಪ. ಅವರು ಗೋವೆಯ ಕಡೆಯಿಂದ ಕೆಳಗಿಳಿದು ಬರಬೇಕು. ಪೂರ್ವಜ ಯುರೋಪಿಯನ್ ಸೈನಿಕನೆಂಬ ಮಾತಿದ್ದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ಜ್ಞಾನಸ್ನಾನ, ಮದುವೆ, ಸಮಾಧಿ ಪಟ್ಟಿಗಳನ್ನು ನೋಡಿ.

ಜನಗಣತಿಯಲ್ಲಿ ಪೂರ್ವಜನ ಹೆಸರು ಸಿಕ್ಕೀತೆಂದು ಕಾಯಬೇಡಿ. ಅಚ್ಚಾದ ವರದಿಗಳಲ್ಲಿ ಇರುವುದು ಲೆಕ್ಕ ಮಾತ್ರ. ಆದರೆ ಆ ಜಿಲ್ಲೆಯಲ್ಲಿ ಆ ಕಾಲಕ್ಕೆ ಯಾವ ಮಾತಿನವರು, ಯಾವ ಜಾತಿಯವರು ಎಷ್ಟಿದ್ದರು ಎಂದು ತಿಳಿಯಲು ಅದು ಬೇಕು. 1800-1801ರಲ್ಲಿ ಮೈಸೂರು, ಕೆನರಾ ಸುತ್ತಿದ ಫ್ರಾನ್ಸಿಸ್ ಬುಕನನ್ ಊರೂರಿನ ಜನ, ಬೆಳೆ, ಕಸಬು ಬರೆದಿಟ್ಟಿದ್ದಾನೆ. ಕರ್ನಲ್ ಮೆಕೆಂಜಿ ಬರೆಸಿದ ಕೈಫಿಯತ್ತುಗಳು ಊರಿನ ಕಥೆಯನ್ನು ಊರವರ ಬಾಯಲ್ಲೇ ಹೇಳುತ್ತವೆ, ಅವು ಕನ್ನಡದಲ್ಲಿ ಅಚ್ಚಾಗಿವೆ. ಮೂಲ ಊರು ಇದೇ ಎಂಬ ಅನುಮಾನ ಬಂದ ಮೇಲೆ ಇವನ್ನು ತೆರೆಯಿರಿ.

ಅಡ್ಡಹೆಸರು, ಮನೆದೇವರು

ಅಡ್ಡಹೆಸರಿಗೆ ಜನ ಕೊಡುವಷ್ಟು ಬೆಲೆ ನಾನು ಕೊಡುವುದಿಲ್ಲ. ಪಾಟೀಲ, ದೇಸಾಯಿ, ಕುಲಕರ್ಣಿ, ನಾಡಿಗ ಎಂಬುವು ಹುದ್ದೆಗಳು. ನಾಯಕ ಎಂಬ ಹೆಸರು ಕೊಂಕಣಿಯವರಲ್ಲಿದೆ, ನಾಡವರಲ್ಲಿದೆ, ವಾಲ್ಮೀಕಿಗಳಲ್ಲಿದೆ, ಲಂಬಾಣಿಗಳಲ್ಲಿದೆ. ಹೆಸರಿನಲ್ಲಿ ಊರು ಅಡಗಿದ್ದರೆ ಮಾತ್ರ ಹಿಂಬಾಲಿಸಿ. ಅದೂ ಹಿಂದಿನ ಒಂದು ನಿಲ್ದಾಣವಷ್ಟೇ. ಊರಿನಲ್ಲಿದ್ದಾಗ ಯಾರೂ ಊರಿನ ಹೆಸರಿಂದ ಕರೆಯುವುದಿಲ್ಲ, ಬಿಟ್ಟು ಬಂದ ಮೇಲೆಯೇ ಕರೆಯುವುದು.

ಮನೆದೇವರು ಹೆಚ್ಚು ನಂಬಿಕಸ್ಥ ಸಾಕ್ಷಿ, ದೇವರು ಚಿಕ್ಕವನಾದಷ್ಟೂ ಒಳ್ಳೆಯದು. ತಿರುಪತಿ ತಿಮ್ಮಪ್ಪ, ಸವದತ್ತಿ ಎಲ್ಲಮ್ಮ, ತುಳಜಾಪುರದ ಭವಾನಿಗೆ ನಾಲ್ಕು ನಾಡಿನವರೂ ಒಕ್ಕಲು. ಯಾವುದೋ ಹಳ್ಳಿಯ ಹೊರಗೆ ಬೇವಿನ ಮರದ ಬುಡದಲ್ಲಿರುವ ದೇವತೆಗೆ ನೂರೈವತ್ತು ಕಿಲೋಮೀಟರ್ ದೂರದಿಂದ ನಿಮ್ಮ ಮನೆಯವರು ಹಣ್ಣುಕಾಯಿ ಒಯ್ಯುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇದೆ. ಜಾತ್ರೆಯ ದಿನ ಹೋಗಿ. ನಿಮ್ಮ ಹಾಗೆಯೇ ದೂರದಿಂದ ಬಂದ ಬೇರೆ ಮನೆಗಳವರು ಯಾರು ಎಂದು ಪೂಜಾರಿಯನ್ನು ಕೇಳಿ.

ದೇವರೂ ಊರು ಬದಲಿಸಿರಬಹುದು. ಗೋವೆಯ ಮೂಲ ಹೇಳುವ ಕೊಂಕಣಿ ಮನೆಗಳು ಮಾರ್ದೋಳದ ಮಹಾಲಸೆಗೆ, ಕವಳೆಯ ಶಾಂತಾದುರ್ಗೆಗೆ, ಮಂಗೇಶಿಗೆ ನಡೆದುಕೊಳ್ಳುತ್ತವೆ. ಆದರೆ 16ನೆಯ ಶತಮಾನದಲ್ಲಿ ಪೋರ್ಚುಗೀಸರು ದೇವಾಲಯ ಕೆಡವಿದಾಗ ಭಕ್ತರು ಮೂರ್ತಿಗಳನ್ನು ನದಿ ದಾಟಿಸಿ ಪೋಂಡಾ ಸೀಮೆಗೆ ತಂದರು. ಮಹಾಲಸೆಯ ಹಳೆಯ ನೆಲೆ ವೆರ್ಣಾ, ಶಾಂತಾದುರ್ಗೆಯದು ಕೇಳೋಶಿ, ಮಂಗೇಶನದು ಕುಶಸ್ಥಳಿ. ಪೂರ್ವಜರ ಗ್ರಾಮವನ್ನು ಪೋಂಡಾದಲ್ಲಿ ಹುಡುಕಿದರೆ ಸಿಗದು, ಆ ಹಳೆಯ ನೆಲೆಗಳಿದ್ದ ಸಾಷ್ಟಿಯ (ಸಾಲ್ಸೆಟ್) ಕಡೆ ಹುಡುಕಬೇಕು. ಅಲ್ಲಿನ ಗಾಂವಕಾರಿಯ (ಊರಿನ ಮೂಲ ಮನೆತನಗಳ ಸಂಘ) ಕಾಗದಗಳಲ್ಲಿ ವಾಂಗಡದ (ಕುಲದ ಗುಂಪು) ಪ್ರಕಾರ ಮನೆತನಗಳ ಹೆಸರಿವೆ.

ಮನೆಯೊಳಗೆ ಉಳಿದ ಮಾತೂ ದಾಖಲೆಯೇ. ಹಾಸನ ಜಿಲ್ಲೆಯ ಕೌಶಿಕ, ಮೈಸೂರು ಜಿಲ್ಲೆಯ ಬೆಟ್ಟದಪುರದ ಸಂಕೇತಿ ಬ್ರಾಹ್ಮಣರು ತಮಿಳುನಾಡಿನ ಶೆಂಗೋಟೆಯ ಕಡೆಯಿಂದ ಬಂದವರೆನ್ನಲು ಅವರ ವಲಸೆಗೆ ಕಾರಣಳೆಂದು ಹೇಳುವ ನಾಚಾರಮ್ಮನ ಕಥೆಯೊಂದನ್ನೇ ನಂಬಬೇಕಾಗಿಲ್ಲ. ಅವರ ಮನೆಮಾತಿನಲ್ಲಿ ತಮಿಳು, ಮಲಯಾಳದ ಗುರುತು ಇಂದಿಗೂ ಇದೆ. ನಿಮ್ಮ ಮನೆಯಲ್ಲಿ ಮಾತು ಹೋಗಿದ್ದರೂ ಸೋಬಾನೆ ಪದ, ಲಾಲಿ, ಬೈಗುಳ, ಅಡುಗೆಯ ಹೆಸರು, ಅತ್ತೆಮಾವಂದಿರನ್ನು ಕರೆಯುವ ಬಗೆ ಉಳಿದಿರಬಹುದು. ಒಂದು ಪದ ಸಿಕ್ಕರೆ ಸಾಲದು, ಎರವಲು ಬಂದದ್ದಿರಬಹುದು. ಸುತ್ತಲಿನ ಮನೆಗಳಲ್ಲಿ ಇಲ್ಲದ ಹತ್ತಾರು ಪದ ಒಂದೇ ದಿಕ್ಕಿಗೆ ಕೈ ತೋರಿಸಿದರೆ ಗಮನಿಸಿ.

ಡಿಎನ್‌ಎ ಪರೀಕ್ಷೆ: ಯಾವಾಗ, ಎಷ್ಟು

ಎಂಟು ತಲೆಮಾರು ಹಿಂದಕ್ಕೆ ನಿಮಗೆ 256 ಪೂರ್ವಜರು. ಅವರಲ್ಲಿ ಒಬ್ಬರಿಂದ ನಿಮಗೆ ಬಂದಿರುವ ಅಂಶ ಸರಾಸರಿ ಶೇಕಡಾ 0.4ಕ್ಕೂ ಕಡಿಮೆ. ಹತ್ತನೆಯ ತಲೆಮಾರಿಗೆ ಹೋದರೆ ಸುಮಾರು ಅರ್ಧದಷ್ಟು ಪೂರ್ವಜರ ಡಿಎನ್‌ಎ ನಿಮ್ಮಲ್ಲಿ ಒಂದಿಷ್ಟೂ ಉಳಿದಿರುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ರೂಢಿಯಿಂದ ಒಬ್ಬನೇ ಪೂರ್ವಜ ಎರಡು ಮೂರು ಕಡೆ ಬರುತ್ತಾನೆ, ಆಗ ಲೆಕ್ಕ ಇನ್ನಷ್ಟು ಸಿಕ್ಕಾಗುತ್ತದೆ. ಕಂಪನಿ ತೋರಿಸುವ "ನಿಮ್ಮ ನಾಲ್ಕನೆಯ ಕಸಿನ್" ನಿಜಕ್ಕೂ ಇನ್ನೂ ದೂರದವರಿರಬಹುದು.

ಗಂಡು ಸಾಲಿನ ವೈ ಪರೀಕ್ಷೆ ಆ 256ರಲ್ಲಿ ಒಬ್ಬನ ಬಗ್ಗೆ ಹೇಳುತ್ತದೆ, ಹೆಣ್ಣು ಸಾಲಿನದು ಇನ್ನೊಬ್ಬಳ ಬಗ್ಗೆ. ವೈ ಗುಂಪು ಆರ್1ಎ ಎಂದು ಬಂದರೆ "ನಾವು ಉತ್ತರದವರು" ಎಂದು ಹಾರಬೇಡಿ. ಅದು ದಕ್ಷಿಣದ ಎಷ್ಟೋ ಜಾತಿಗಳಲ್ಲಿದೆ, ಚೆಂಚು ಬುಡಕಟ್ಟಿನವರಲ್ಲೂ ಕಂಡಿದೆ. ಮರಾಠಿಗನೋ ಕನ್ನಡಿಗನೋ ತೆಲುಗನೋ ಎಂಬುದನ್ನು ಈ ಪರೀಕ್ಷೆಗಳಿಂದ ಹೇಳಲಾಗದು. ಈ ನಾಡುಗಳ ಜನ ಸಾವಿರಾರು ವರ್ಷಗಳ ಹಿಂದಿನಿಂದ ಬೆರೆತವರು.

ಪೂರ್ವಜ ಬೇರೆ ಖಂಡದವನೆಂಬ ಅನುಮಾನವಿದ್ದರೆ ಮಾತ್ರ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಸಿದ್ದಿಗಳ ವಿಷಯದಲ್ಲಿ 2011ರಲ್ಲಿ ಪ್ರಕಟವಾದ ಸಂಶೋಧನೆ ಆಫ್ರಿಕದ ಬಾಂಟು ಮಾತಿನ ಜನರ ನಂಟನ್ನು, ಜೊತೆಗೆ ಭಾರತೀಯ ಮತ್ತು ಸ್ವಲ್ಪ ಯುರೋಪಿಯನ್ ಅಂಶವನ್ನು ತೋರಿಸಿತು. ಗೋವೆಯ ಪೋರ್ಚುಗೀಸರ ಮೂಲಕ ಬಂದ ಚರಿತ್ರೆಗೆ ಅದು ಹೊಂದುತ್ತದೆ. ಆದರೆ ಒಬ್ಬ ಸಿದ್ದಿ ಮನೆತನದ ಮೊದಲಿಗ ಯಾವ ಹಡಗಿನಲ್ಲಿ ಬಂದ, ಯಾರ ಮನೆಯಿಂದ ತಪ್ಪಿಸಿಕೊಂಡು ಕಾಡು ಸೇರಿದ ಎಂಬುದಕ್ಕೆ ರಕ್ತದಲ್ಲಿ ಉತ್ತರವಿಲ್ಲ.

ಪರೀಕ್ಷೆ ಮಾಡಿಸುವುದಾದರೆ ಮನೆಯ ಅತಿ ಹಿರಿಯರದ್ದನ್ನು ಮಾಡಿಸಿ. ಅವರು ಪೂರ್ವಜನಿಗೆ ಒಂದೆರಡು ತಲೆಮಾರು ಹತ್ತಿರ. ಅವರಿಗೆ ಏನಿದು ಎಂದು ತಿಳಿಸಿ ಒಪ್ಪಿಗೆ ಪಡೆಯಿರಿ. ತಂದೆ ಎಂದುಕೊಂಡವರು ತಂದೆಯಲ್ಲ ಎಂದೂ ಹೊರಬೀಳಬಹುದು. ಮಾಹಿತಿ ಕಂಪನಿಯ ಕೈಲಿರುತ್ತದೆ. 2023ರಲ್ಲಿ ಇಂಥ ಒಂದು ದೊಡ್ಡ ಅಮೆರಿಕನ್ ಕಂಪನಿಯಿಂದ ಲಕ್ಷಾಂತರ ಜನರ ಮಾಹಿತಿ ಕಳುವಾಯಿತು.

ಸರಪಳಿ ಕಡಿದಾಗ

ಒಂದು ತಲೆಮಾರಿನಲ್ಲಿ ಹೆಸರು, ಜಾತಿ, ಊರು ಮೂರೂ ಒಟ್ಟಿಗೆ ಬದಲಾಗಿರುವುದು ಕಂಡರೆ ಅಲ್ಲಿ ಏನೋ ನಡೆದಿದೆ. ಮತಾಂತರ, ದತ್ತು, ಜಾತಿಯಿಂದ ಹೊರಹಾಕಿದ್ದು, ಬಸವಿ ಬಿಟ್ಟ (ಮದುವೆ ಮಾಡದೆ ದೇವರ ಹೆಸರಿಗೆ ಬಿಟ್ಟ) ಹೆಣ್ಣಿನ ಮಕ್ಕಳು ತಾಯಿಯ ಮನೆತನ ಮುಂದುವರಿಸಿದ್ದು, ಸಾಲಕ್ಕೆ ಜೀತಕ್ಕೆ ಹೋದವರು ಬೇರೆ ಸೀಮೆಗೆ ಓಡಿಹೋದದ್ದು, ಹೀಗೆ ಯಾವುದೂ ಇರಬಹುದು. ಮನೆಯ ಹಿರಿಯರು ಇಲ್ಲಿಗೆ ಬಂದಾಗ ಮಾತು ಬದಲಿಸುತ್ತಾರೆ. ಒತ್ತಾಯ ಮಾಡಬೇಡಿ. ಅವರ ಅಜ್ಜಿ ಅನುಭವಿಸಿದ ಅವಮಾನ ಅವರ ಮಟ್ಟಿಗೆ ಇನ್ನೂ ಹಳೆಯದಾಗಿಲ್ಲ. ನನಗಂತೂ ರಾಜರ ವಂಶದವರೆಂದು ಹೇಳಿಕೊಳ್ಳುವ ಕಥೆಗಿಂತ, ಬರಗಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಗೊತ್ತಿಲ್ಲದ ಊರಿಗೆ ಬಂದು ಒಲೆ ಹೂಡಿದ ಹೆಂಗಸಿನ ವಂಶದವರಾಗಿರುವುದು ದೊಡ್ಡದೆನಿಸುತ್ತದೆ.

ಇಲ್ಲಿ ಸಿಕ್ಕಿದ್ದನ್ನು ಹಿಡಿದು ಜಾತಿ ಪ್ರಮಾಣಪತ್ರ ಬದಲಿಸಲು ಹೋಗಬೇಡಿ. ಅದಕ್ಕೆ ಕಾನೂನಿನ ದಾರಿ ಬೇರೆ, ಬೇಕಾದ ಸಾಕ್ಷ್ಯ ಬೇರೆ.

ಬರೆದಿಡುವ ಬಗೆ

ಪ್ರತಿ ವಿಷಯದ ಎದುರಿಗೂ ಅದು ಎಲ್ಲಿಂದ ಬಂತು ಎಂದು ಬರೆಯಿರಿ: ಯಾರು ಹೇಳಿದರು, ಯಾವ ತಾರೀಕು, ಯಾವ ಕಚೇರಿಯ ಯಾವ ಪುಸ್ತಕದ ಎಷ್ಟನೆಯ ಪುಟ. ಮೂರು ಬಣ್ಣದ ಪೆನ್ನು ಇಟ್ಟುಕೊಳ್ಳುವುದು ಸುಲಭ. ಕಾಗದದಲ್ಲಿ ಕಂಡದ್ದು ಒಂದು ಬಣ್ಣ, ಬಾಯಿಮಾತಿನದು ಒಂದು, ನಿಮ್ಮ ಊಹೆ ಇನ್ನೊಂದು. ಒಂದು ಅಭಿಪ್ರಾಯಕ್ಕೆ ಬರುವ ಮುಂಚೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ಸಾಕ್ಷಿಗಳಾದರೂ ಒಂದೇ ಕಡೆ ತೋರಿಸಬೇಕು. ಹೆಳವರು ಹೇಳಿದ ಊರು, ಕ್ರಯಪತ್ರದ ಸಾಕ್ಷಿಯ ಊರು, ಮನೆದೇವರ ಊರು ಮೂರೂ ಹತ್ತು ಮೈಲಿಯೊಳಗೆ ಬಿದ್ದರೆ ಧೈರ್ಯವಾಗಿ ಬರೆಯಬಹುದು. ಮೂರೂ ಬೇರೆ ಬೇರೆ ಆದರೆ "ಮೂರು ಸಾಧ್ಯತೆಗಳಿವೆ" ಎಂದೇ ಬರೆಯಿರಿ. ಒಂದನ್ನು ಆರಿಸಿ ಉಳಿದೆರಡನ್ನು ಮುಚ್ಚಿಡಬೇಡಿ.

ಬದುಕಿರುವವರ ಹೆಸರು, ಹುಟ್ಟಿದ ದಿನ ಎಲ್ಲೂ ಬಹಿರಂಗವಾಗಿ ಹಾಕಬೇಡಿ. ಹಳೆಯ ಕಾಗದದ ಫೋಟೊಗಳಿಗೆ ಊರು, ಇಸವಿ, ಸರ್ವೆ ನಂಬರು ಸೇರಿಸಿ ಹೆಸರಿಡಿ. ಎರಡು ಪ್ರತಿ ಮಾಡಿ ಒಂದನ್ನು ದಾಯಾದಿಗಳ ಮನೆಯಲ್ಲಿ ಬಿಡಿ, ಮಾತು ನಿಂತುಹೋದ ಮನೆಯಾದರೂ ಸರಿ. ಓದಲಾಗದ ಮೋಡಿ, ಪಾರ್ಸಿ, ತಿಗಳಾರಿ ಕಾಗದವನ್ನು "ಗೊತ್ತಾಗಲಿಲ್ಲ" ಎಂದು ಪಕ್ಕಕ್ಕೆ ಸರಿಸದೆ ಪ್ರತ್ಯೇಕ ಕಡತದಲ್ಲಿಡಿ. ಆ ಲಿಪಿ ಬಲ್ಲವರು ಸಿಕ್ಕ ದಿನ ಮೊದಲು ಓದಿಸಬೇಕಾದ ಕಾಗದ ಯಾವುದೆಂದು ಅದರ ಮೇಲೆಯೇ ಗುರುತು ಹಾಕಿಡಿ: ಹೆಚ್ಚಾಗಿ ಅದು ಅತಿ ಹಳೆಯ ಭೂಮಿ ಪತ್ರ.